ನಾಲ್ಕನೇ ಕಪ್‌ನ ಅಂಟು

ಮೇವಿಸ್ ಹತ್ತಿರ ರಬ್ಬರ್ ಇರಲಿಲ್ಲ.

ಬಾಕಿ ಎಲ್ಲ ಇತ್ತು. ಗ್ಯಾರೇಜಿನಿಂದ ದೂರದಲ್ಲಿ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಬಿಳಿ ಉಪ್ಪಿನ ಪುಡಿ ಇತ್ತು, ಲೋಹದ ಪುಡಿ ಇತ್ತು. ಗ್ಯಾರೇಜಿನ ಮೇಜಿನ ಮೇಲೆ ಲೇತಿಗೆ ಕೊಟ್ಟು ಮಾಡಿಸಿದ ಅಲ್ಯೂಮಿನಿಯಂ ಕೊಳವೆ ಇತ್ತು, ಅದರ ಬಾಯಿಗೆ ಕೂರಿಸುವ, ಜ್ವಾಲೆ ಹೊರಬರುವ ಕಪ್ಪು ಮೂತಿ ಇತ್ತು. ಆ ಪುಡಿಗಳನ್ನೆಲ್ಲ ಹಿಡಿದು, ರಾಕೆಟ್ಟಿನೊಳಗೆ ಉರಿಯುವ ಒಂದು ಗಟ್ಟಿಯಾಗಿ ಮಾಡುವ ಅಂಟು ಮಾತ್ರ ಇರಲಿಲ್ಲ.

ಹವ್ಯಾಸಕ್ಕೆ ರಾಕೆಟ್ ಮಾಡಿ ಹಾರಿಸುವ ಅವಳ ಸಂಘದವರೆಲ್ಲ ಮೊದಲಿನಿಂದಲೂ ಒಂದೇ ಕಂಪನಿಯ ದ್ರವ ರಬ್ಬರನ್ನೇ ಬಳಸುತ್ತಿದ್ದರು. ಜೇನಿನಷ್ಟು ಮಂದ, ಹೆಚ್ಚು ಕಡಿಮೆ ಅದೇ ಬಣ್ಣ. ವರ್ಷಕ್ಕೊಮ್ಮೆ ಪೀಪಾಯಿ ತರಿಸಿ ಡಬ್ಬಿಗಳಲ್ಲಿ ಹಂಚಿಕೊಳ್ಳುತ್ತಿದ್ದರು. ಆ ಬೇಸಿಗೆಯಲ್ಲಿ ಕಂಪನಿಯವರು ಸಣ್ಣ ಗಿರಾಕಿಗಳಿಗೆ ಮಾರುವುದನ್ನು ನಿಲ್ಲಿಸಿದರು. ಕಾರಣ ಹೇಳಲಿಲ್ಲ. ಬೇರೆ ಕಡೆಯಿಂದ ತರಿಸಿಕೊಡುತ್ತೇನೆಂದ ದಲ್ಲಾಳಿ, ವಸಂತದ ಹೊತ್ತಿಗೆ ಬರುತ್ತದೆ ಎಂದ, ಯಾವ ವಸಂತ ಎಂದು ಹೇಳಲಿಲ್ಲ.

ಬೇರೆಯವರು ಕಾಯಬಹುದಿತ್ತು. ಮೇವಿಸ್ ಕಾಯುವಂತಿರಲಿಲ್ಲ. ಹಿಂದಿನ ಜನವರಿಯಲ್ಲಿ ಅವಳ ಮೋಟಾರು, ಅಂದರೆ ಇಂಧನ ತುಂಬಿದ ರಾಕೆಟ್ ಕೊಳವೆ, ಕಟ್ಟಿ ಉರಿಸಿ ನೋಡುವ ಪರೀಕ್ಷಾ ಕಂಬದ ಮೇಲೆ ಒಡೆದುಹೋಗಿತ್ತು. ಸಂಘದ ನಿಯಮದಂತೆ ಮೋಟಾರು ಒಡೆದವರು ವರ್ಷದೊಳಗೆ ಇನ್ನೊಂದನ್ನು ಸರಿಯಾಗಿ ಉರಿಸಿ ತೋರಿಸಬೇಕು. ತೋರಿಸದೆ ಇದ್ದರೆ, ಇಲ್ಲವೇ ಎರಡನೆಯದೂ ಒಡೆದರೆ, ಇಂಧನ ಕಲಸುವ ಹಕ್ಕು ಹೋಗುತ್ತದೆ. ಆಮೇಲೆ ಅಂಗಡಿಯಲ್ಲಿ ಸಿಗುವ ಮೋಟಾರು ಕೊಂಡು ತಂದು ಹಾರಿಸಬೇಕು. ಹಾಗೆ ಕೊಂಡು ಹಾರಿಸುವವರನ್ನು ಸಂಘದಲ್ಲಿ ಯಾರೂ ಹೀಯಾಳಿಸುವುದಿಲ್ಲ. ಅವರು ಹತ್ತಿರ ಬಂದಾಗ ಮಾತು ಹವಾಮಾನದ ಕಡೆಗೆ ತಿರುಗುತ್ತದೆ, ಅಷ್ಟೆ. ವರ್ಷದ ಕೊನೆಯ ಕೂಟ ಡಿಸೆಂಬರಿನಲ್ಲಿತ್ತು.

ಮೇವಿಸ್ ಮರುಭೂಮಿಯ ಅಂಚಿನ ರೋಸಮಂಡ್ ಊರಿನಲ್ಲಿ ಶಾಲೆಯ ಬಸ್ ಓಡಿಸುತ್ತಿದ್ದಳು. ವಯಸ್ಸು ಐವತ್ತು ದಾಟಿತ್ತು. ಬಸ್ಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಸಂಘದಲ್ಲಿ ‘ಮೇವಿಸ್ ಕಲಸಿದ್ದು’ ಎಂದರೆ ಒಳಗೆ ಒಂದೂ ಗಾಳಿಗುಳ್ಳೆ ಇಲ್ಲದ್ದು ಎಂದು ಅರ್ಥವಿತ್ತು, ಜನವರಿಯವರೆಗೆ. ರಾಕೆಟ್ ಎಷ್ಟು ಎತ್ತರ ಹೋಗುತ್ತದೆ ಎಂಬುದರಲ್ಲಿ ಅವಳಿಗೆ ಅಂಥ ಆಸಕ್ತಿಯೇನೂ ಇರಲಿಲ್ಲ. ಕಲಸುವ ಹಕ್ಕು ಉಳಿಯಬೇಕಿತ್ತು.

ಅವಳು ಮೊದಲು ಥರ್ಲೋನನ್ನು ಕೇಳಿದಳು. ಥರ್ಲೋ ದೊಡ್ಡ ರಾಕೆಟ್ಟುಗಳ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮುದುಕ. ಸರ್ಕಾರದ ಲೈಸೆನ್ಸ್ ಇದ್ದದ್ದು ಅವನೊಬ್ಬನ ಹತ್ತಿರ. ಅವನು ಹೂಂ ಅನ್ನದೆ ಪರೀಕ್ಷಾ ಕಂಬದ ಮೇಲೆ ಯಾವುದೂ ಹೊತ್ತಿಕೊಳ್ಳುತ್ತಿರಲಿಲ್ಲ.

“ಡಾಂಬರು,” ಅಂದ ಥರ್ಲೋ.

“ಡಾಂಬರಾ? ರಸ್ತೆಗೆ ಹಾಕೋದಾ?”

“ಮತ್ತೇನು, ತಲೆಗೆ ಹಚ್ಚೋದಾ? ನಮ್ಮ ಹಿರಿಯರು ಶುರು ಮಾಡಿದ್ದೇ ಅದರಲ್ಲಿ, ಹುಡುಗಿ. ಯುದ್ಧದ ಕಾಲದಲ್ಲಿ ವಿಮಾನಕ್ಕೆ ಕಟ್ಟಿ ಹಾರಿಸಿದ್ರು.”

“ಬಿಸಿಲಿಗೆ ಮೆತ್ತಗಾಗಲ್ವಾ?”

“ಆಗತ್ತೆ.”

“ಚಳಿಗೆ?”

“ಬಿರುಕು ಬಿಡತ್ತೆ.”

“ಮತ್ಯಾಕೆ ಅದನ್ನೇ ಹೇಳ್ತಿದೀರಿ?”

“ಅದು ಯಾವಾಗ ಕೈ ಕೊಡತ್ತೆ ಅಂತ ನಂಗೆ ಗೊತ್ತು. ಬೇರೇದೆಲ್ಲ ಯಾವಾಗ ಕೈ ಕೊಡತ್ತೋ ಯಾವನಿಗೆ ಗೊತ್ತು?”

ಇದು ಸರಿಯೆನಿಸಿತು. ಮನೆಗೆ ಬರುವಷ್ಟರಲ್ಲಿ ಸರಿಯೆನಿಸಲಿಲ್ಲ. ಅವಳು ರೆನಾಟಾಗೆ ಫೋನ್ ಮಾಡಿದಳು. ರೆನಾಟಾ ಪಕ್ಕದ ಊರು ಲ್ಯಾಂಕಸ್ಟರ್‌ನಲ್ಲಿ ಕಟ್ಟುಹಲ್ಲು ಮಾಡುವ ಕೆಲಸದವಳು. ಸಂಘದಲ್ಲಿ ಮೇವಿಸ್‌ಗೆ ಗೆಳತಿ ಅಂತ ಇದ್ದವಳು ಅವಳೊಬ್ಬಳೇ.

“ಆ ಮುದುಕನ ಮಾತು ಕೇಳಿದ್ರೆ ನಿನ್ನ ಮೋಟಾರನ್ನ ರಸ್ತೆ ರಿಪೇರಿಯವರಿಗೆ ಕೊಡಬೇಕಾಗತ್ತೆ,” ಅಂದಳು ರೆನಾಟಾ. “ನಾವು ಹಲ್ಲಿನ ಅಚ್ಚಿಗೆ ಹಾಕೋ ಸಿಲಿಕೋನ್ ಇದೆಯಲ್ಲ, ಅದನ್ನ ಹಾಕು. ಬಾಯೊಳಗೆ ಇಟ್ರೂ ಏನೂ ಆಗಲ್ಲ.”

“ನಾನು ಅದನ್ನ ಬಾಯೊಳಗೆ ಇಡಲ್ಲ ಕಣೇ.”

“ಗೊತ್ತು ಕಣೇ. ಎಷ್ಟು ಒಳ್ಳೇದು ಅಂತ ಹೇಳ್ದೆ.”

“ಇದರಲ್ಲಿ ಯಾರಾದ್ರೂ ಮೋಟಾರು ಮಾಡಿದಾರಾ?”

“ಮಾಡಿರಬೇಕು. ಪ್ರಪಂಚ ದೊಡ್ಡದು.”

ಮೂರನೆಯವನು ಕೆಲ್ಬಿ. ಟೆಹಾಚಪಿ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುತ್ತಿದ್ದ ಹುಡುಗ. ಕೆಲಸವಿಲ್ಲದ ಹೊತ್ತಿನಲ್ಲಿ ಇಂಟರ್ನೆಟ್ಟಿನಲ್ಲಿ ಇಂಧನದ ಬಗ್ಗೆ ಜಗಳವಾಡುವವರ ಬರಹಗಳನ್ನೆಲ್ಲ ಓದುತ್ತಿದ್ದ. ಓದಿದ್ದನ್ನು ಮರೆಯುತ್ತಿರಲಿಲ್ಲ. ಅದೇ ಅವನ ತೊಂದರೆಯಾಗಿತ್ತು.

“ಹರಳೆಣ್ಣೆ,” ಅಂದ.

“ಹೊಟ್ಟೆ ಕಟ್ಟಿದಾಗ ಕುಡಿಯೋದಾ?”

“ಅದೇ. ಅದನ್ನ ಗಟ್ಟಿ ಮಾಡಿದ್ರೆ ಒಳ್ಳೆ ಅಂಟು. ಬ್ರೆಜಿಲ್‌ನಲ್ಲಿ ಒಬ್ಬ ಮಾಡಿದಾನೆ, ಅದ್ಭುತ ಅಂತಾನೆ. ಪೋಲೆಂಡ್‌ನಲ್ಲಿ ಒಬ್ಬ ಅದು ಬರೀ ಕಸ ಅಂತಾನೆ. ಇಬ್ಬರೂ ಫೋಟೋ ಹಾಕಿದಾರೆ.”

“ನೀನೇನಂತೀಯಾ?”

“ನಂಗೆ ಇಬ್ಬರದೂ ಸರಿ ಅನ್ಸತ್ತೆ.”

ಇಷ್ಟಾದ ಮೇಲೆ ಮೇವಿಸ್ ಕೇಳುವುದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಥರ್ಲೋಗೆ ಫೋನ್ ಮಾಡಿ ಹರಳೆಣ್ಣೆಯ ಬಗ್ಗೆ ಕೇಳಿದಳು. ಅದು ನೀರು ಎಳೆದುಕೊಂಡು ಉಬ್ಬುತ್ತದೆ ಎಂದ. ಕೆಲ್ಬಿಗೆ ಸಿಲಿಕೋನ್ ಬಗ್ಗೆ ಕೇಳಿದಳು. ಅದು ಪುಡಿಯನ್ನು ಹಿಡಿಯುವುದಿಲ್ಲ, ಸುಮ್ಮನೆ ಅಪ್ಪಿಕೊಂಡಂತೆ ನಟಿಸುತ್ತದೆ ಎಂದ. ರೆನಾಟಾಗೆ ಮತ್ತೆ ಕೇಳಿದಾಗ ಮೂರರಲ್ಲಿ ಯಾವುದಾದರೂ ಆದೀತು ಎಂದಳು, ಅವಳ ಮೇಜಿನ ಮೇಲೆ ಬೇರೆ ಯಾರದೋ ಹಲ್ಲಿತ್ತು. ಬಸ್ಸಿನ ಕನ್ನಡಿಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಹೊಡೆಯುವುದನ್ನು ನೋಡುತ್ತ ಮೇವಿಸ್ ಡಾಂಬರಿನ ಪರ, ಹರಳೆಣ್ಣೆಯ ಪರ ವಾದ ಮಾಡಿಕೊಳ್ಳುತ್ತಿದ್ದಳು. ಒಂದು ದಿನ ಒಂದು ನಿಲ್ದಾಣವನ್ನೇ ದಾಟಿ ಹೋದಳು. ಹಿಂದಿನಿಂದ ಮಕ್ಕಳು ಒಟ್ಟಿಗೆ ಕಿರುಚಿದರು.

ಅವಳ ಗಂಡ ರಾಯ್ಸ್‌ಗೆ ಇದನ್ನು ಕೇಳಿ ಕೇಳಿ ಸಾಕಾಗಿತ್ತು. ಅವನು ಈಜುಕೊಳ ರಿಪೇರಿ ಮಾಡುವವನು.

“ಹೆಬ್ಬೆರಳಿಗೆ ಕೊಟ್ಟುಬಿಡೇ,” ಅಂದ, ಟೀವಿಯಿಂದ ಕಣ್ಣು ತೆಗೆಯದೆ. “ನಿಮ್ಮ ಸಂಘದಲ್ಲಿ ಜಗಳ ಆದಾಗೆಲ್ಲ ಅದನ್ನೇ ತಾನೆ ಮಾಡೋದು?”

ಅದು ನಿಜ. ಸಂಘದಲ್ಲಿ ಅಂಟಿನ ಬಗ್ಗೆ ವಾದ ಬಂದರೆ ಹೆಬ್ಬೆರಳೇ ತೀರ್ಮಾನ. ಅಂಟಿಗೆ ಇಂಧನದ ಪುಡಿಯ ಬದಲು ಅಡುಗೆ ಉಪ್ಪು ಕಲಸಿ ಕಾಗದದ ಕಪ್ಪುಗಳಲ್ಲಿ ಹೊಯ್ದು ಗಟ್ಟಿಯಾಗಲು ಬಿಡುತ್ತಾರೆ. ಆಮೇಲೆ ಮೂವರು ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ಒಂದೇ ಪದ ಹೇಳಬೇಕು: ಮೆತ್ತಗೆ, ಗಟ್ಟಿ, ಸರಿ. ಒತ್ತಿದ ಕಡೆ ತಗ್ಗಬೇಕು, ಬಿಟ್ಟರೆ ಏಳಬೇಕು, ಅದು ‘ಸರಿ’. ಕಣ್ಣು ಮುಚ್ಚುವುದು ಯಾಕೆಂದರೆ, ತೆರೆದಿದ್ದರೆ ಪ್ರತಿಯೊಬ್ಬನೂ ತನ್ನದನ್ನೇ ಸರಿ ಅನ್ನುತ್ತಾನೆ. ಮೂವರೂ ಸರಿ ಅಂದದ್ದನ್ನು ಹಾಕಬೇಕು. ಹೆಬ್ಬೆರಳಿನ ಮಾತಿಗೆ ಎರಡನೇ ಸಲ ಇಲ್ಲ. ಈ ಪದ್ಧತಿ ಯಾರು ತಂದರೋ ಗೊತ್ತಿಲ್ಲ. ಥರ್ಲೋ ತಾನಲ್ಲ ಅನ್ನುತ್ತಿದ್ದ.

ಮೇವಿಸ್ ಮೂರು ಕಪ್ ಮಾಡಿದಳು. ರಾಯ್ಸ್ ತಮಾಷೆಗೆ ಇನ್ನೊಂದು ಸೇರಿಸಿದ. ಈಜುಕೊಳದ ಗೋಡೆಯ ಬಿರುಕಿಗೆ ತುಂಬುವ ಅಂಟು ಅವನ ವ್ಯಾನಿನಲ್ಲಿ ಯಾವಾಗಲೂ ಇರುತ್ತಿತ್ತು. ಬಣ್ಣ ನೀಲಿ.

“ಇದನ್ನ ಯಾಕೆ?” ಅಂದಳು.

“ನಿಮ್ಮ ಮೂವರು ಪಂಡಿತರು ಏನಂತಾರೆ ನೋಡೋಣ ಅಂತ.”

ನವೆಂಬರಿನ ಒಂದು ಭಾನುವಾರ, ಸಂಘದವರು ಸದಾ ಊಟಕ್ಕೆ ಸೇರುವ ಹೋಟೆಲಿನ ಹೊರಗೆ, ಮೇವಿಸ್ ತನ್ನ ಪಿಕಪ್ಪಿನ ಬಾನೆಟ್ ಮೇಲೆ ನಾಲ್ಕು ಕಪ್ ಸಾಲಾಗಿ ಇಟ್ಟಳು. ಎಲ್ಲರೂ ಆಗಷ್ಟೇ ಮೆಣಸಿನಕಾಯಿ ಹಾಕಿದ ಆಮ್ಲೆಟ್ ತಿಂದು ಬಂದಿದ್ದರು. ಬಿಸಿಲು ಹಿತವಾಗಿತ್ತು. ಬಾನೆಟ್ ಮೇಲೆ ಮೊಣಕೈ ಊರಿದ ಕೆಲ್ಬಿ ಸುಟ್ಟಿತು ಎಂದು ಎತ್ತಿಕೊಂಡ. ಮೂವರೂ ಕಣ್ಣು ಮುಚ್ಚಿದ ಮೇಲೆ ಮೇವಿಸ್ ಕಪ್ಪುಗಳ ಮೇಲಿನ ಬಟ್ಟೆ ತೆಗೆದಳು. ಮೊದಲು ಥರ್ಲೋ ಬಂದ. ಕಣ್ಣು ಮುಚ್ಚಿದ ಮೇಲೂ ಟೋಪಿಯನ್ನು ಮುಂದಕ್ಕೆ ಎಳೆದುಕೊಂಡ. ಮೇವಿಸ್ ಅವನ ಬೆರಳನ್ನು ಕಪ್‌ಗೆ ಮುಟ್ಟಿಸಿದಳು.

“ಮೆತ್ತಗೆ,” ಅಂದ ಥರ್ಲೋ. ಅದು ಅವನದೇ ಡಾಂಬರು. ನೋಡುತ್ತ ನಿಂತಿದ್ದ ರಾಯ್ಸ್ ಕೆಮ್ಮಿದ ಹಾಗೆ ಮಾಡಿ ನಕ್ಕ.

ಸಿಲಿಕೋನಿಗೂ ಮೆತ್ತಗೆ ಅಂದ. ಹರಳೆಣ್ಣೆಗೆ ಗಟ್ಟಿ ಅಂದ. ನಾಲ್ಕನೆಯದನ್ನು ಬಹಳ ಹೊತ್ತು ಒತ್ತಿ, ಬಿಟ್ಟು, ಮತ್ತೆ ಒತ್ತಿದ.

“ಸರಿ.”

ರೆನಾಟಾ ಬಂದಳು. ತನ್ನ ಸಿಲಿಕೋನನ್ನು ಒತ್ತಿ, “ಇದ್ಯಾವ ಕಸ? ಮೆತ್ತಗೆ,” ಅಂದಳು. ನಾಲ್ಕನೆಯದಕ್ಕೆ ಸರಿ ಅಂದಳು. ಕೆಲ್ಬಿಯೂ ಬಂದು ಹರಳೆಣ್ಣೆಯದನ್ನು ಗಟ್ಟಿ ಅಂದ, ನಾಲ್ಕನೆಯದನ್ನು ಸರಿ ಅಂದ. ಮೂವರೂ ಕಣ್ಣು ತೆರೆದು ನಾಲ್ಕನೇ ಕಪ್ಪಿನೊಳಗೆ ನೋಡಿದರು.

“ಏನಿದು, ಹಲ್ಲುಜ್ಜೋ ಪೇಸ್ಟಾ?” ಅಂದ ಕೆಲ್ಬಿ.

ರಾಯ್ಸ್ ನಗು ತಡೆಯಲಾರದೆ ಕಾಫಿ ಕಪ್ಪನ್ನು ಪಿಕಪ್ಪಿನ ಮೇಲಿಟ್ಟು ಬಗ್ಗಿ ಮಂಡಿ ಹಿಡಿದುಕೊಂಡ. “ಈಜುಕೊಳದ್ದು ಕಣಯ್ಯಾ! ಪಾಮ್‌ಡೇಲ್‌ನಲ್ಲಿ ಅರ್ಧ ಊರಿನ ಮಕ್ಕಳು ಅದರ ಮೇಲೆ ಉಚ್ಚೆ ಹೊಯ್ತಾರೆ!”

ಬೇರೆ ಯಾರೂ ನಗಲಿಲ್ಲ. ಮೇವಿಸ್ ಥರ್ಲೋನ ಮುಖ ನೋಡಿದಳು.

“ಈಗೇನು ಮಾಡಲಿ?”

“ಹೆಬ್ಬೆರಳು ಹೇಳಿಯಾಯ್ತಲ್ಲ.”

“ನೀವಾದ್ರೆ ಇದನ್ನ ಹಾಕ್ತಿದ್ರಾ?”

“ನಾನ್ಯಾಕೆ ಹಾಕ್ಲಿ? ನಂದು ಡಾಂಬರು.”

“ಡಾಂಬರನ್ನ ನೀವೇ ಮೆತ್ತಗೆ ಅಂದ್ರಿ!”

“ನೀನು ಕಲಸಿದ್ದು ಸರಿಯಿಲ್ಲ. ಅದಕ್ಕೆ ಮೆತ್ತಗಾಗಿದೆ.”

“ಜಗತ್ತಿನಲ್ಲಿ ಯಾರೂ ಇದರಲ್ಲಿ ಮಾಡಿಲ್ಲ,” ಅಂದ ಕೆಲ್ಬಿ. “ಬೈದವರೂ ಇಲ್ಲ. ಬೈಯೋದಕ್ಕಾದ್ರೂ ಒಬ್ಬ ಇರಬೇಕಿತ್ತು.”

“ಬೇಡ ಅಂತೀಯಾ?”

“ಬೇಡ ಅಂತ ಹೆಂಗನ್ಲಿ? ನನ್ನ ಬೆರಳೇ ಸರಿ ಅಂದಿದೆ.”

ಯಾರೂ ಬೇಕೆನ್ನದ ಅಂಟು ಎಲ್ಲರ ಒಪ್ಪಿಗೆ ಪಡೆದಿತ್ತು. ಒಬ್ಬರಾದರೂ ಅದರ ಪರವಾಗಿದ್ದರೆ ಅವರನ್ನು ಪ್ರಶ್ನೆ ಕೇಳಬಹುದಿತ್ತು. ಡಾಂಬರು ಬಿಸಿಲಿಗೆ, ಚಳಿಗೆ ಏನಾಗುತ್ತದೆ ಎಂದು ಕೇಳಿದ್ದ ಮೇವಿಸ್‌ಗೆ ಇದರ ಬಗ್ಗೆ ಯಾರನ್ನು ಏನು ಕೇಳಬೇಕೆಂದು ತೋಚಲಿಲ್ಲ. ರಾಯ್ಸ್‌ನನ್ನು ಕೇಳಿದಳು. ಒಳ್ಳೆ ಅಂಟು, ಒಬ್ಬ ಗಿರಾಕಿಯೂ ವಾಪಸ್ ಕರೆದಿಲ್ಲ ಎಂದ.

ಕಲಸುವ ದಿನ ಎಲ್ಲ ಚೆನ್ನಾಗಿ ನಡೆಯಿತು. ರಾಯ್ಸ್‌ನನ್ನು ಮನೆಯಿಂದ ಆಚೆ ಕಳಿಸಿದ್ದಳು. ಕೈಗವಸು, ಮುಖಕ್ಕೆ ಮುಸುಕು, ಹತ್ತಿ ಬಟ್ಟೆ. ಪುಡಿ ನೀಲಿ ಅಂಟಿನೊಳಗೆ ಗಂಟು ಕಟ್ಟದೆ ಇಳಿಯಿತು. ಹೊಯ್ದಾಗ ದೋಸೆ ಹಿಟ್ಟಿನಂತೆ ತಾನೇ ಮಟ್ಟವಾಯಿತು. ಗಾಳಿ ತೆಗೆದ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಹಳೆಯ ರಬ್ಬರಿನಲ್ಲೂ ಇಷ್ಟು ಚೆನ್ನಾಗಿ ಅವಳು ಯಾವತ್ತೂ ಕಲಸಿರಲಿಲ್ಲ. ಅದೇ ಅವಳಿಗೆ ಅನುಮಾನ ತಂದಿತು. ಆದರೆ ಅನುಮಾನ ಪಡುವುದಕ್ಕೆ ಅದೊಂದನ್ನು ಬಿಟ್ಟು ಬೇರೆ ಕಾರಣ ಸಿಗಲಿಲ್ಲ. ಉಳಿದ ಒಂದು ಸಣ್ಣ ತುಂಡನ್ನು ನಿಯಮದಂತೆ ಡಬ್ಬಿಯಲ್ಲಿ ತೆಗೆದಿಟ್ಟಳು.

ಡಿಸೆಂಬರ್ ಕೂಟದ ದಿನ ಬೆಳಗಾಗುವುದಕ್ಕೆ ಮುಂಚೆಯೇ ಎಲ್ಲರೂ ಒಣಕೆರೆಯ ಅಂಗಳಕ್ಕೆ ಬಂದಿದ್ದರು. ಅಲ್ಲಿ ಒಂಬತ್ತಾದ ಮೇಲೆ ಗಾಳಿ ಏಳುತ್ತದೆ. ಗಾಳಿ ಎದ್ದ ಮೇಲೆ ಬೆಂಕಿ ಹಚ್ಚಲು ಅಗ್ನಿಶಾಮಕದವರ ಅನುಮತಿಯಿಲ್ಲ. ಹಾಗಾಗಿ ಸಂಘದವರು ಮೊದಲ ಬೆಳಕಿಗೇ ಎಲ್ಲ ಮುಗಿಸುತ್ತಾರೆ. ನೀರಿನ ಬಾಟಲಿಗಳಲ್ಲಿ ಮಂಜುಗಡ್ಡೆ ಕಟ್ಟಿತ್ತು. ಪರೀಕ್ಷಾ ಕಂಬದ ಉಕ್ಕನ್ನು ಮುಟ್ಟಿದರೆ ಬೆರಳು ಅಂಟಿಕೊಳ್ಳುತ್ತಿತ್ತು.

ಮೇವಿಸ್ ಮೋಟಾರನ್ನು ಕಂಬಕ್ಕೆ ಬಿಗಿದಳು. ಡಬ್ಬಿ ತೆರೆದು ಉಳಿಕೆ ತುಂಡನ್ನು ಒತ್ತಿದಳು. ತಗ್ಗಲಿಲ್ಲ. ಉಗುರು ಊರಿದಳು. ಇಳಿಯಲಿಲ್ಲ.

“ರೆನಾಟಾ, ಬಾ ಇಲ್ಲಿ. ಇದನ್ನ ಒತ್ತು.”

ರೆನಾಟಾ ಕೈಗವಸು ತೆಗೆದು ಒತ್ತಿದಳು. ತಿರುಗಿಸಿ ಇನ್ನೊಂದು ಕಡೆ ಒತ್ತಿದಳು. “ಇದು ಕಟ್ಟುಹಲ್ಲಿನ ಹಾಗಿದೆ ಕಣೇ.”

ಥರ್ಲೋ ತನ್ನ ಮಡಿಸುವ ಕುರ್ಚಿಯಿಂದ ಎದ್ದು ಬಂದ. ಒತ್ತಿದ. ಬೆರಳನ್ನು ಬಾಯಿಗೆ ತಂದು ಊದಿಕೊಂಡು ಮತ್ತೆ ಒತ್ತಿದ.

“ನನ್ನ ಬೆರಳೇ ಮರಗಟ್ಟಿದೆ. ಯಾವುದು ಗಟ್ಟಿ ಅಂತ ಹೇಳಲಾರೆ.”

“ಗಟ್ಟಿಯಾದದ್ದು ಒಳಗೆ ಬಿರುಕು ಬಿಟ್ಟಿದ್ರೆ ಬೆಂಕಿ ಬಿರುಕಿಗೂ ಹೋಗತ್ತೆ,” ಅಂದ ಕೆಲ್ಬಿ. “ಒಮ್ಮೆಲೇ ಉರಿದುಬಿಡತ್ತೆ.”

“ಬಿಟ್ಟಿದೆಯಾ?”

“ಮೇಲೆ ಕಾಣ್ತಿಲ್ಲ. ಬಿಟ್ಟಿರಬಹುದು. ಬಿಡದೇನೂ ಇರಬಹುದು.”

“ಗಾಡಿಯೊಳಗಿಟ್ಟು ಹೀಟರ್ ಹಾಕಿದ್ರೆ?”

“ತುಂಬಿದ ಮೋಟಾರನ್ನ ಗಾಡಿಯೊಳಗೆ ಇಡೋ ಹಾಗಿಲ್ಲ, ಹುಡುಗಿ. ಅದು ನಿನಗೂ ಗೊತ್ತು,” ಅಂದ ಥರ್ಲೋ. ಈ ಸಲ ಅವನ ದನಿಯಲ್ಲಿ ತಮಾಷೆಯಿರಲಿಲ್ಲ.

“ಬಿಸಿಲು ಬರೋವರೆಗೆ ಕಾದ್ರೆ?”

“ಬಿಸಿಲಿನ ಜೊತೆಗೇ ಗಾಳಿ ಬರತ್ತೆ.”

“ನೀವೇ ಬೇಡ ಅನ್ನಿ ಹಾಗಾದ್ರೆ. ನೀವು ಬೇಡ ಅಂದ್ರೆ ನಾನು ಇಳಿಸ್ತೀನಿ.”

ಥರ್ಲೋ ಕಂಬದ ಕಡೆ ನೋಡಿದ. “ಜನ ಬಂಕರಿನೊಳಗೆ ಇದ್ರೆ ಬೇಡ ಅನ್ನೋಕೆ ನಂಗೆ ಕಾರಣ ಇಲ್ಲ. ಒಡೆದ್ರೆ ಕಂಬ ಒಡೆಯತ್ತೆ. ಉರಿಸೋದು ಬಿಡೋದು ಕಲಸಿದವರ ಇಷ್ಟ.”

“ಇಳಿಸು ಮೇವಿಸ್,” ಅಂದಳು ರೆನಾಟಾ. “ವಸಂತಕ್ಕೆ ರಬ್ಬರ್ ಬರತ್ತೆ.”

“ಅಷ್ಟು ಹೊತ್ತಿಗೆ ನನಗೆ ಕಲಸೋ ಹಕ್ಕೇ ಇರಲ್ಲ. ಇಳಿಸಿದ್ರೆ ಹಕ್ಕು ಹೋಗೋದು ಖಂಡಿತ. ಉರಿಸಿದ್ರೆ ಖಂಡಿತ ಅಲ್ಲ.”

ರೆನಾಟಾ ಕೈಗವಸು ಹಾಕಿಕೊಂಡಳು. ಲೆಕ್ಕ ಸರಿಯಾಗಿತ್ತು. ಸರಿಯಾದ ಲೆಕ್ಕ ಯಾಕೆ ಹೆದರಿಸುತ್ತಿದೆ ಎಂದು ಮೇವಿಸ್‌ಗೆ ಅರ್ಥವಾಗಲಿಲ್ಲ.

ಎಲ್ಲರೂ ಕಾಂಕ್ರೀಟ್ ಬಂಕರಿಗೆ ಹೋದರು. ಕೆಲ್ಬಿ ಓಡಿ ಹೋಗಿ ತನ್ನ ಕ್ಯಾಮೆರಾವನ್ನು ಕಂಬಕ್ಕೆ ಇನ್ನಷ್ಟು ಹತ್ತಿರ ಇಟ್ಟು ಬಂದ. ಥರ್ಲೋ ತಲೆ ಎಣಿಸಿ, ಬಾಗಿಲು ನೋಡಿ, ಮೇವಿಸ್‌ಗೆ ಹೊತ್ತಿಸುವ ಗುಂಡಿ ಕೊಟ್ಟ.

ಮೊದಲು ಚೆನ್ನಾಗಿಯೇ ಹೊತ್ತಿಕೊಂಡಿತು. ಮೂತಿಯಿಂದ ಬಿಳಿ ಜ್ವಾಲೆ ನೆಟ್ಟಗೆ ನಿಂತಿತು. ರಾಯ್ಸ್ “ನೋಡು!” ಅಂದ. ಆಮೇಲಿನ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ತಾಗಿತು. ಬಂಕರಿನ ಕಿಟಕಿಯ ದಪ್ಪ ಗಾಜಿನಲ್ಲಿ ಕಂಬ ಇದ್ದ ಕಡೆ ಕಂಬ ಕಾಣಲಿಲ್ಲ. ಹೊಗೆ ಅಡ್ಡಡ್ಡ ಹರಡಿತು. ಛಾವಣಿಯ ಮೇಲೆ ಏನೋ ಒಂದು ತುಂಡು ಬಿದ್ದು ಉರುಳಿತು.

ಹೊರಗೆ ಹೋಗಬಹುದು ಎಂದ ಥರ್ಲೋ. ಹೋದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

“ಚಳಿಗೆ ಗಾಜಿನ ಹಾಗಾಗಿದೆ,” ಅಂದಳು ರೆನಾಟಾ. ಉರಿಯದೆ ಚೆಲ್ಲಿದ್ದ ಇಂಧನದ ಚೂರುಗಳನ್ನು ನೀರಿನ ಬಕೆಟ್ಟಿಗೆ ಹಾಕುತ್ತಿದ್ದಳು. “ಅಂಚು ನೋಡು, ಹರಿತವಾಗಿದೆ. ನಾವು ಒತ್ತಿದ್ದು ಊಟ ಆದ ಮೇಲೆ, ಬಿಸಿ ಬಾನೆಟ್ ಮೇಲೆ. ಉರಿಸೋದು ಇಂಥಾ ಹೊತ್ತಲ್ಲಿ. ಇಷ್ಟು ವರ್ಷ ನಮಗೆ ಇದು ಹೊಳೆದೇ ಇಲ್ವಲ್ಲ!”

“ಹಳೇ ರಬ್ಬರನ್ನೂ ಬಾನೆಟ್ ಮೇಲೇ ಒತ್ತುತಿದ್ವಿ,” ಅಂದ ಥರ್ಲೋ. “ಅದೇನೂ ಒಡೀಲಿಲ್ಲ. ಇದು ಉಪ್ಪಿನ ವ್ಯತ್ಯಾಸ. ಕಪ್ಪಿನಲ್ಲಿ ಅಡುಗೆ ಉಪ್ಪು, ಮೋಟಾರಿನಲ್ಲಿ ಬೇರೆ ಉಪ್ಪು.”

“ಅದೂ ಹಳೇದರಲ್ಲಿ ಹಾಗೇ ಇತ್ತಲ್ಲ, ಅಜ್ಜಾ,” ಅಂದ ಕೆಲ್ಬಿ. “ನಂಗನ್ಸೋದು ಅಂಟು ಕೊಳವೆಯ ಒಳಗೋಡೆ ಬಿಟ್ಟುಬಂದಿದೆ. ಬೆಂಕಿ ಬದಿಯಿಂದ ನುಗ್ಗಿದೆ.”

“ಈಜುಕೊಳದಲ್ಲಿ ಗೋಡೆ ಬಿಡಲ್ಲ,” ಅಂದ ರಾಯ್ಸ್.

“ಈಜುಕೊಳಕ್ಕೆ ಬೆಂಕಿ ಹಚ್ಚಿದೀಯಾ?” ಅಂದ ಕೆಲ್ಬಿ.

“ಮೂತಿಯೇ ಬಿರುಕು ಬಿಟ್ಟಿದ್ರೆ?” ಅಂದಳು ಮೇವಿಸ್. ಮೂತಿ ಎಲ್ಲಿದೆ ಎಂದು ಎಲ್ಲರೂ ಹುಡುಕಿದರು. ಸಿಗಲಿಲ್ಲ.

ಬಿಸಿಲು ಏರಿತು. ನಿರೀಕ್ಷೆಯಂತೆ ಗಾಳಿಯೂ ಎದ್ದಿತು. ಮೇವಿಸ್ ಮರಳಿನಲ್ಲಿ ಬಿದ್ದಿದ್ದ ಇನ್ನೊಂದು ಚೂರನ್ನು ಎತ್ತಿದಳು. ಅದು ಬಹಳ ಹೊತ್ತಿನಿಂದ ಬಿಸಿಲಲ್ಲಿ ಬಿದ್ದಿತ್ತು. ಒತ್ತಿದಳು, ತಗ್ಗಿತು. ಬಿಟ್ಟಳು, ಎದ್ದಿತು. ಹಾಗಾದರೆ ರೆನಾಟಾ ಹೇಳಿದ್ದೇ ಇರಬೇಕು. ಆದರೆ ಕೆಲ್ಬಿ ಎತ್ತಿದ ಇನ್ನೊಂದು ಚೂರಿನ ಬೆನ್ನು ನುಣ್ಣಗಿತ್ತು, ಗೋಡೆಯಿಂದ ಸುಲಿದು ಬಂದ ಹಾಗೆ. ಹಾಗಾದರೆ ಅವನು ಹೇಳಿದ್ದೂ ಇರಬೇಕು. ಎರಡೂ ಒಟ್ಟಿಗೆ ಆಗಿರಬಹುದಾ ಎಂದು ಕೇಳಿದಳು. ಇಬ್ಬರೂ ಇಲ್ಲ ಎಂದರು, ಬೇರೆ ಬೇರೆ ಕಾರಣ ಕೊಟ್ಟು.

“ಡಾಂಬರು ಹಾಕಿದ್ರೆ ಏನಾಗ್ತಿತ್ತು?” ಅಂದಳು ಥರ್ಲೋಗೆ.

“ಇವತ್ತಿನ ಚಳೀಲಾ? ಒಡೀತಿತ್ತು.”

“ಮತ್ತೆ?”

“ಯಾಕೆ ಒಡೀತು ಅಂತ ಗೊತ್ತಿರ್ತಿತ್ತು.” ಅವನು ಕುರ್ಚಿ ಮಡಿಸಿದ. “ಜನವರಿಯಿಂದ ಅಂಗಡೀದು ತಗೊಂಡು ಬಾ, ಹುಡುಗಿ. ಬರೋದು ಮಾತ್ರ ಬಿಡಬೇಡ.”

ಕುರ್ಚಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಈ ಸಲ ಗಾಳಿ ಬಹಳ ಇದೆ ಎಂದು ಸೇರಿಸಿದ.

ಯಾರಿಗೂ ಪೆಟ್ಟಾಗಿರಲಿಲ್ಲ. ಹೋದದ್ದು ಇಷ್ಟು: ಸಂಘದ ಒಂದು ಪರೀಕ್ಷಾ ಕಂಬ, ಅದಕ್ಕೆ ಕಟ್ಟಿದ್ದ ಒತ್ತಡದ ಮಾಪಕ, ಕೆಲ್ಬಿಯ ಕ್ಯಾಮೆರಾ, ಒಂದು ಕೊಳವೆ, ಒಂದು ಮೂತಿ, ಮೇವಿಸ್‌ಳ ಕಲಸುವ ಹಕ್ಕು.